ಕಾಕಾನ ಕಾರಿನ ಎಡಗಡೆ ಸೀಟು

ಬ್ರೇಕು ಕಾದ ವಾಸನೆ ನಿಮಗೂ ಗೊತ್ತಿರಬೇಕು. ರಬ್ಬರು ಸುಟ್ಟಂತೆ, ಜೊತೆಗೆ ಪಕ್ಕದ ಮನೆಯಲ್ಲಿ ಯಾರೋ ಶೇಂಗಾ ಹುರಿಯಲು ಇಟ್ಟು ಮರೆತಂತೆ. ಮೊನ್ನೆ ಘಟಪ್ರಭಾದ ಆಸ್ಪತ್ರೆಯ ಅಂಗಳದಲ್ಲಿ ಬೇವಿನ ಮರದ ನೆರಳಿಗೆ ನಿಂತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ತಿರುಗಿ ನೋಡುವ ಮೊದಲೇ ಗೊತ್ತಾಯಿತು, ನಮ್ಮ ಬಸಲಿಂಗ ಕಾಕಾನ ಬಿಳಿ ಕಾರು ಬಂತು ಎಂದು. ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಬೆಳಿಗ್ಗೆ ಕಾಕೂನನ್ನು, ಅಂದರೆ ತನ್ನ ಹೆಂಡತಿ ಶಾಂತವ್ವನನ್ನು, ಕಣ್ಣಿನ ಪೊರೆ ತೆಗೆಸಲು ಒಳಗೆ ಕಳಿಸಿದ್ದ. ಆಪರೇಷನ್ ಮುಗಿದ ಮೇಲೆ ಔಷಧಿ ತರಲೆಂದು ಒಬ್ಬನೇ ಕಾರು ತೆಗೆದುಕೊಂಡು ಹೋಗಿದ್ದ. ಅಂಗಡಿ ಇರುವುದು ಕೂಗಿದರೆ ಕೇಳುವಷ್ಟು ದೂರದಲ್ಲಿ. ಅಷ್ಟರಲ್ಲೇ ಬ್ರೇಕನ್ನು ಇಷ್ಟು ಕಾಯಿಸಿಕೊಂಡು ಬಂದಿದ್ದಾನೆಂದರೆ ದಾರಿಯಲ್ಲಿ ಅವನಿಗೆ ಏನೇನು ಕಂಡಿತೋ!

ಕಾಕಾ ಇಳಿದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ.

"ತಮ್ಮಾ, ನಿಮ್ಮ ಕಾಕೂನ ಕಣ್ಣಿಗೆ ಪಟ್ಟಿ ಕಟ್ಯಾರ. ಹಿಂದಿನ ಸೀಟಿನ್ಯಾಗ ಮಲಗಿಸ್ಕೊಂಡು ಹೋಗ್ರಿ ಅಂದಾರ. ಮೂಡಲಗಿತನಕ ಮುಂದ ನೀ ಕುಂದರಬೇಕು ನೋಡಪಾ."

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನೀವು ನಗಬಹುದು. ಕಾರಿನ ಮುಂದಿನ ಸೀಟಿಗಾಗಿ ಬೀಗರು ಬೀಗರೊಡನೆ ಮುನಿಸಿಕೊಂಡದ್ದನ್ನು ನೀವೂ ನೋಡಿರುತ್ತೀರಿ, ನಾನೂ ನೋಡಿದ್ದೇನೆ. ಆದರೆ ಕಾಕಾನ ಕಾರಿನ ಎಡಗಡೆ ಸೀಟು ಆರಾಮಾಗಿ ಕುಳಿತುಕೊಳ್ಳುವ ಜಾಗವಲ್ಲ, ಅದೊಂದು ನೌಕರಿ. ಇಷ್ಟು ವರ್ಷ ಆ ನೌಕರಿ ಮಾಡಿದವಳು ಕಾಕೂ. ಅದು ಎಂಥ ನೌಕರಿ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹೇಗೂ ಕಾಕೂನನ್ನು ಹೊರಗೆ ಕಳಿಸುವುದಕ್ಕೆ ಇನ್ನೂ ಹೊತ್ತಿತ್ತು. ನೀವೂ ನನ್ನ ಜೊತೆ ಆ ಬೇವಿನ ಕಟ್ಟೆಗೆ ಕುಳಿತಿದ್ದೀರಿ ಎಂದುಕೊಳ್ಳಿ.

ಕಾಕಾ ಮಿಲ್ಟ್ರಿಯಲ್ಲಿ ಡ್ರೈವರ್ ಆಗಿದ್ದ. ಕಾಶ್ಮೀರದ ಘಟ್ಟದ ರಸ್ತೆಗಳಲ್ಲಿ ದೊಡ್ಡ ಟ್ರಕ್ಕು ಓಡಿಸುತ್ತಿದ್ದ. ನಿವೃತ್ತನಾಗಿ ಬರುವಾಗ, ಒಂದೂ ಅಪಘಾತ ಮಾಡದ ಚಾಲಕ ಎಂದು ಬರೆದ ಹಿತ್ತಾಳೆಯ ಫಲಕವೊಂದನ್ನು ತಂದಿದ್ದ. ಪಡಸಾಲೆಯಲ್ಲಿ ಬಸವಣ್ಣನ ಫೋಟೋದ ಪಕ್ಕದಲ್ಲಿ ಅದಕ್ಕೆ ಮೊಳೆ ಹೊಡೆಯಲಾಯಿತು. ಆಮೇಲೆ ಈ ಬಿಳಿ ಕಾರು ಬಂತು. ನಮಗೆಲ್ಲ ಹಿಗ್ಗೋ ಹಿಗ್ಗು. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ನಾಲ್ಕು ಗಾಲಿ ಎನ್ನುವುದು ಮಕ್ಕಳ ಆಟಿಕೆಗೆ ಮಾತ್ರ ಇತ್ತು. ನನ್ನ ಮಾತಂತೂ ಬಿಡಿ. ಗೋಕಾಕದಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡು ಒಂದು ಸ್ಕೂಟರ್ ಓಡಿಸುತ್ತೇನೆ. ಅದನ್ನು ಬಜಾರಿನ ಎಮ್ಮೆಗಳು ಹಾರ್ನ್ ಇಲ್ಲದೆಯೇ ಹಿಂದೆ ಹಾಕಿ ಹೋಗುತ್ತವೆ.

ಮೊದಲ ಸವಾರಿ ದಡ್ಡಿಗೆ ಎಂದು ಗೊತ್ತಾಯಿತು. ಹುಕ್ಕೇರಿ ತಾಲೂಕಿನ ದಡ್ಡಿ ಕಾಕೂನ ತವರು. ನಾನೂ ನಮ್ಮ ಅವ್ವನೂ ಹಿಂದಿನ ರಾತ್ರಿಯೇ ಕಾಕಾನ ಊರಾದ ಮೂಡಲಗಿಗೆ ಹೋಗಿ ಕಾಯ್ದುಕೊಂಡು ಕುಳಿತೆವು. ಬೆಳಿಗ್ಗೆ ಎಲ್ಲರೂ ಸ್ನಾನ ಮಾಡಿ, ಇಭೂತಿ ಹಚ್ಚಿಕೊಂಡು, ಹೊಸ ಸೀರೆ ಉಟ್ಟು ಅಂಗಳಕ್ಕೆ ಬಂದರೆ ಕಾಕಾ ನೆಲಕ್ಕೆ ಗಲ್ಲ ಹಚ್ಚಿ ಕಾರಿನ ಹೊಟ್ಟೆ ನೋಡುತ್ತಿದ್ದ. ಕೈಯಲ್ಲಿ ಒಂದು ಕೋಲು. ಕೋಲಿನ ತುದಿಗೆ ಸುತಳಿಯಿಂದ ಕಟ್ಟಿದ ಕನ್ನಡಿ.

"ಅಯ್ಯ, ನನ್ನ ಕುಂಕುಮದ ಕನ್ನಡಿ!" ಎಂದು ಕಾಕೂ ಚೀರಿದಳು.

"ಸುಮ್ನಿರು. ಗಾಡಿ ಕೆಳಗ ಯಾರಾದ್ರೂ ಏನರೆ ಕಟ್ಟಿರ್ತಾರ."

"ನಮ್ಮ ಗಾಡಿಗೆ ಯಾರು ಏನು ಕಟ್ತಾರ್ರಿ? ಕಟ್ಟಿದ್ರ ಒಂದ ಲಿಂಬಿಹಣ್ಣು ಮೆಣಸಿನಕಾಯಿ ಕಟ್ಯಾರು!"

ಎದುರು ಮನೆಯ ಗಂಗವ್ವ ಕಸಬರಿಗೆ ಹಿಡಿದುಕೊಂಡೇ ಬಂದಳು. ಅವಳ ಹಿಂದೆ ಓಣಿಯೆಲ್ಲ ಬಂತು. ಗಂಗವ್ವ ಬಹಳ ಹೊತ್ತು ನೋಡಿ, ಕೊನೆಗೆ ನಮ್ಮ ಅವ್ವನ ಕಿವಿಯಲ್ಲಿ, "ಕೋಳಿ ಗಿಳಿ ತತ್ತಿ ಇಟ್ಟೈತೇನವಾ ಒಳಗ?" ಎಂದು ಕೇಳಿದಳು. ನಮ್ಮದು ಕೋಳಿ ಸಾಕುವ ಮನೆಯಲ್ಲ ಎಂದು ಅವ್ವನಿಗೆ ಸಿಟ್ಟು ಬಂತು. ಹೀಗೆ ಶುಭಪ್ರಯಾಣಕ್ಕೆ ಮೊದಲೇ ಎದುರು ಮನೆಯೊಂದಿಗೆ ಮಾತು ಬಿಟ್ಟದ್ದಾಯಿತು.

ಹೊರಟ ಮೇಲೆ ತಿಳಿಯಿತು, ಕಾಕಾ ರಸ್ತೆಯ ನಟ್ಟನಡುವೆ ಬಿಟ್ಟು ಬೇರೆ ಎಲ್ಲಿಯೂ ಕಾರು ಓಡಿಸುವುದಿಲ್ಲ. ಅಂಚಿನಲ್ಲಿ ಹೋಗಬಾರದು, ಅಂಚಿನಲ್ಲೇ ಅಪಾಯ ಹುಗಿದಿರುತ್ತದೆ ಎಂದು ಅವನಿಗೆ ಕಾಶ್ಮೀರದಲ್ಲಿ ಕಲಿಸಿದ್ದರು. ನಮ್ಮ ಕಡೆಯ ರಸ್ತೆಯಲ್ಲಿ ಅಂಚಿಗೆ ಹುಗಿದಿರುವುದು ನೀರಿನ ಪೈಪು ಮಾತ್ರ ಎಂದು ಹೇಳುವವರು ಯಾರು? ಎದುರಿಗೆ ಬಂದ ಬಸ್ಸಿನ ಡ್ರೈವರ್ ಕಿಟಕಿಯಿಂದ ಅರ್ಧ ಹೊರಬಂದು ನಮ್ಮ ವಂಶವನ್ನೆಲ್ಲ ನೆನೆದ. ಕಬ್ಬಿನ ಟ್ರ್ಯಾಕ್ಟರಿನವನು ಹಾಡಿನ ಸದ್ದು ಕಡಿಮೆ ಮಾಡಿ ಬೈದ. ಅವರು ಹಾಡಿನ ಸದ್ದು ಕಡಿಮೆ ಮಾಡುವುದು ಅಪರೂಪ. ಕಾಕಾ ಯಾರಿಗೂ ತಿರುಗಿ ಬೈಯಲಿಲ್ಲ. ಅವನಿಗೆ ಅವರ ಮುಖವೇ ಕಾಣುತ್ತಿರಲಿಲ್ಲ. ಕಣ್ಣೆಲ್ಲ ರಸ್ತೆಯ ಎರಡು ಬದಿಗೆ, ತಿಪ್ಪೆ, ಕಲ್ಲುರಾಶಿ, ಬಿದ್ದ ಟಯರು, ಇವುಗಳ ಮೇಲೆ.

ಇನ್ನೊಂದು ನಿಯಮವೂ ಇತ್ತು. ಜನ ಗುಂಪು ಕೂಡಿದಲ್ಲಿ ಗಾಡಿ ನಿಲ್ಲಿಸಕೂಡದು. ಇದರ ಪೂರ್ಣ ಅರ್ಥ ನಮಗಾದದ್ದು ಗೋಕಾಕ ಬಂದಾಗ. ತವರಿಗೆ ಹೊರಟವಳು ಗೋಕಾಕದ ಮೇಲೆ ಹಾದು ಕರದಂಟು ಒಯ್ಯದೆ ಹೋಗುವುದುಂಟೆ? ಅಂಗಡಿಯ ಮುಂದೆ ಜನವೋ ಜನ. "ನಿಲ್ಲಸ್ರೀ, ನಿಲ್ಲಸ್ರೀ" ಎಂದು ಕಾಕೂ ಕೂಗುತ್ತಿದ್ದಂತೆ ಕಾಕಾ ವೇಗ ಹೆಚ್ಚಿಸಿದ. ಕಾರು ನಿಂತದ್ದು ಊರು ದಾಟಿ, ಒಂದು ನರಪಿಳ್ಳೆಯೂ ಇಲ್ಲದ ಬಯಲಿನಲ್ಲಿ.

"ಈಗ ಇಳದು ತಗೋ," ಎಂದ ಕಾಕಾ.

"ಇಲ್ಲೇನು ಜಾಲಿಕಂಟಿ ತಗೊಳ್ಳೇನ್ರಿ?" ಎಂದಳು ಕಾಕೂ.

ದಡ್ಡಿಯಲ್ಲಿ ಅವಳ ಅಣ್ಣನ ಹೆಂಡತಿ ನೀರು ಕೊಡುತ್ತ, "ಗೋಕಾವಿ ಮ್ಯಾಲೆ ಬಂದೀರಿ, ಕರದಂಟ ಸಿಗಲಿಲ್ಲೇನ್ರಿ?" ಎಂದು ನಗುತ್ತಲೇ ಕೇಳಿದಳು. ಆ ನಗುವನ್ನು ಕಾಕೂ ಇವತ್ತಿಗೂ ಕ್ಷಮಿಸಿಲ್ಲ.

ನಮ್ಮ ಭಾಗದಲ್ಲಿ ಮಿಲ್ಟ್ರಿಯಿಂದ ಬಂದವರಿಗೇನು ಕೊರತೆಯಿಲ್ಲ. ಹುಕ್ಕೇರಿಯ ಕಡೆ ನನಗೆ ಗೊತ್ತಿರುವ ಒಬ್ಬರು ಟೆಂಪೋ ಓಡಿಸುತ್ತಾರೆ. ಅವರು ಬೆಟ್ಟದ ತಿರುವುಗಳಲ್ಲಿ ಹಾರ್ನ್ ಹೊಡೆದು ಹೊಡೆದು ಕೈಗೆ ರೂಢಿಯಾಗಿ, ಇಲ್ಲಿಯ ಪಟ್ಟಿ ಹಿಡಿದು ಗೆರೆ ಎಳೆದಂಥ ರಸ್ತೆಯಲ್ಲೂ ಇಲ್ಲದ ತಿರುವಿಗೆಲ್ಲ ಹಾರ್ನ್ ಹೊಡೆಯುತ್ತಾರೆ. ಕುರಿಗಳು ಮೊದಮೊದಲು ಗಾಬರಿಯಾಗುತ್ತಿದ್ದವು, ಈಗ ಮೇಯುತ್ತಲೇ ಇರುತ್ತವೆ. ಅವರ ರೂಢಿ ಕಿವಿಗೆ ಮಾತ್ರ ತ್ರಾಸು ಕೊಡುವಂಥದು. ನಮ್ಮ ಕಾಕಾನದು ಹಾಗಲ್ಲ.

ಅದು ಗೊತ್ತಾದದ್ದು ದಡ್ಡಿಯಿಂದ ಮರಳಿ ಬರುವಾಗ, ಅರಭಾವಿಯ ಹತ್ತಿರ. ಕಾಕೂ ತವರಿನವರು ಉಡಿ ತುಂಬಿ ಕೊಟ್ಟ ಇಳಕಲ್ ಸೀರೆಯನ್ನು ಉಟ್ಟುಕೊಂಡೇ ಹೊರಟಿದ್ದಳು. ರಸ್ತೆಯ ಮೇಲೆ ಬಾಯಿ ಕಟ್ಟಿದ ಒಂದು ಗೋಣಿಚೀಲ ಬಿದ್ದಿತ್ತು. ಕಾಕಾ ಬ್ರೇಕು ಹಾಕಿದ ರಭಸಕ್ಕೆ ನಾನೂ ಅವ್ವನೂ ಮುಂದಿನ ಸೀಟಿಗೆ ಬಂದೆವು.

"ಎಲ್ಲಾರೂ ಇಳೀರಿ! ಲಗೂನ! ಗಟಾರದಾಗ ಮಕ್ಕೊಳ್ರಿ!"

ಆ ದನಿ ನಾವು ಕೇಳಿದ ಕಾಕಾನ ದನಿಯಾಗಿರಲಿಲ್ಲ. ಯಾಕೆ ಏನು ಎಂದು ಕೇಳದೆ ಮಲಗಿದೆವು. ಅಲ್ಲಿ ತೋಟಗಾರಿಕೆ ಕಾಲೇಜಿನ ಹುಡುಗರು ಬಸ್ಸಿಗೆ ಕಾಯುತ್ತಿದ್ದರು. ನಮ್ಮನ್ನು ನೋಡಿ ಅವರಲ್ಲೂ ಕೆಲವರು ಮಲಗಿದರು. ಉಳಿದವರು ಮೊಬೈಲ್ ತೆಗೆದರು. ಕಾಕಾ ರಸ್ತೆಗೆ ಅಡ್ಡ ನಿಂತು ಎರಡೂ ಕೈ ಚಾಚಿ ಬಸ್ಸು, ಟ್ರ್ಯಾಕ್ಟರು, ಒಂದು ಕುರಿಹಿಂಡು ಎಲ್ಲವನ್ನೂ ತಡೆದ. ಅಷ್ಟರಲ್ಲಿ ಮೋಟರ್‌ಸೈಕಲ್ ಮೇಲೆ ಒಬ್ಬ ರೈತ ಹಿಂದಕ್ಕೆ ಬಂದ. ಚೀಲವನ್ನು ನೋಡಿದ, ಗಟಾರದಲ್ಲಿ ಸಾಲಾಗಿ ಮಲಗಿದ್ದ ನಮ್ಮನ್ನು ನೋಡಿದ.

"ಬದನಿಕಾಯಿ ಐತ್ರಿ ಅದರಾಗ," ಎಂದ ಪಾಪ, ತನ್ನದೇ ತಪ್ಪೆಂಬಂತೆ. "ಹಗ್ಗ ಹರದಿತ್ತು, ಬಿದ್ದಿದ್ದ ಗೊತ್ತಾಗಲಿಲ್ಲ. ಬೇಕಾದ್ರ ನೀವೂ ಒಂದೀಟು ಒಯ್ರಿ."

ಜನ ನಕ್ಕರು. ಕೆಸರು ಮೆತ್ತಿದ ಸೀರೆಯ ಸೆರಗಿನಲ್ಲಿ ಬದನೆಕಾಯಿ ಕಟ್ಟಿಕೊಂಡು ಕಾಕೂ ಕಾರು ಹತ್ತಿದಳು. ನಾನೂ ನಕ್ಕೆ, ಈಗಲೂ ನೆನೆದರೆ ನಗು ಬರುತ್ತದೆ. ಆದರೆ ಮುಂದೆ ಒಂದು ಕಡೆ ಚಹಾ ಕುಡಿಯಲು ನಿಂತಾಗ ಕಾಕಾ ಚಹಾದ ಗ್ಲಾಸು ಬದಿಗಿಟ್ಟು, ಮತ್ತೆ ನೆಲಕ್ಕೆ ಗಲ್ಲ ಹಚ್ಚಿ ಕಾರಿನ ಹೊಟ್ಟೆ ನೋಡಿ ಎದ್ದ. ಆಗ ನನ್ನ ನಗು ನಿಂತಿತು. ಮೀಸೆಯ ಕೆಳಗಿನ ಅವನ ತುಟಿ ಬಿಳಿಚಿಕೊಂಡಿತ್ತು. ನನಗೆ ಬಹಳ ಕೆಟ್ಟದೆನಿಸಿತು.

ಆಮೇಲೆ ಯಾರೂ ಆ ಕಾರು ಹತ್ತಲಿಲ್ಲ. ನಾನಂತೂ ಕಾಕಾ ಗೋಕಾಕಕ್ಕೆ ಬರುತ್ತಾನೆಂದರೆ ಅಂಗಡಿಯ ಶಟರು ಎಳೆಯಲೂ ಹಿಂದೆಮುಂದೆ ನೋಡುತ್ತಿರಲಿಲ್ಲ. ಕಾಕೂ, "ನಾ ಬಸ್ಸಿಗೆ ಹೋಗಾಕಿ" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ಮರುದಿನ ಅವಳು ಸಂತೆಗೆಂದು ಗೋಕಾಕದ ಬಸ್ಸು ಹತ್ತಿದಾಗ, ಬಸ್ಸಿನ ಹಿಂದೆ ಐವತ್ತು ಗಜ ಅಂತರ ಬಿಟ್ಟು ಬಿಳಿ ಕಾರು ಹೊರಟಿತು. ಬಸ್ಸು ನಿಂತರೆ ಕಾರೂ ನಿಲ್ಲುತ್ತಿತ್ತು, ಅದೇ ಅಂತರದಲ್ಲಿ. ಹೀಗೆ ಎಷ್ಟೋ ವಾರ ನಡೆಯಿತು. ಬಸ್ಸಿನ ಹಿಂದಿನ ಸೀಟಿನ ಮಕ್ಕಳು ಕೈ ಬೀಸುತ್ತಿದ್ದರು, ಕಾಕಾ ಗಂಭೀರವಾಗಿ ಸೆಲ್ಯೂಟ್ ಹೊಡೆಯುತ್ತಿದ್ದ. ಒಂದು ದಿನ ಕಂಡಕ್ಟರ್ ತಡೆಯಲಾರದೆ ಕೇಳಿದ:

"ಅಕ್ಕಾರ, ವಾರಾ ವಾರಾ ಆ ಬಿಳಿ ಕಾರು ನಮ್ಮ ಬೆನ್ನ ಹತ್ತಿ ಬರ್ತೈತಲ್ರಿ, ಯಾರವ?"

"ಯಾರರೆ ಇರ್ತಾರ ಬಿಡ್ರಿ. ಟಿಕೆಟ್ ಕೊಡ್ರಿ," ಎಂದಳಂತೆ ಕಾಕೂ.

ಕೊನೆಗೆ ನಮ್ಮ ಅಪ್ಪ ತಮ್ಮನನ್ನು ಕೂರಿಸಿಕೊಂಡು ಹೇಳಿದ. "ಬಸಲಿಂಗಾ, ಆ ಗಾಡಿ ಮಾರಿಬಿಡು. ಒಂದ ದಿನ ಯಾರಿಗರೆ ಏನರೆ ಆದೀತು." ಕಾಕಾ ಗೋಡೆಯ ಮೇಲಿನ ಹಿತ್ತಾಳೆ ಫಲಕದ ಕಡೆ ನೋಡಿದ. "ಅಣ್ಣಾ, ಗಾಡಿ ಹೊಡಿಯೂದ ಬಿಟ್ರ ನನಗ ಬ್ಯಾರೆ ಏನೂ ಬರೂದಿಲ್ಲ. ಅದೂ ಬರೂದಿಲ್ಲ ಅಂದ್ರ ನಾ ಯಾಕ ಬಂದೆ ಹೊಳ್ಳಿ?" ಎಂದ. ಅಪ್ಪ ಎದ್ದು ಹೊರಗೆ ಹೋದ. ಒಳಗಿನಿಂದ ಇದನ್ನೆಲ್ಲ ಕೇಳುತ್ತಿದ್ದ ಕಾಕೂ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಬಂದು ಗಂಡನ ಎದುರು ಕುಳಿತಳು.

"ಅಲ್ಲಿ ಹೆಂಗ ಹೊಡೀತಿದ್ರಿ ಮತ್ತ?"

"ಅಲ್ಲಿ ನಾ ಒಬ್ಬಾವ ಇರ್ತಿದ್ದಿಲ್ಲ. ಬಾಜೂ ಸೀಟಿನ್ಯಾಗ ಜೋಡೀದಾರ ಇರ್ತಿದ್ದ. ಎಡಕ್ಕ ಏನ್ ಕಾಣ್ತೈತಿ ಎಲ್ಲಾ ಬಾಯಿಬಿಟ್ಟು ಹೇಳಾವ. ಖಾಲಿ ಡಬ್ಬಿ, ಕುರಿ, ಕುರಿ ಕಾಯೋ ಮುದುಕ… ಅಂವ ಹೇಳ್ತಿದ್ದ, ನಾ ಹೊಡೀತಿದ್ದೆ."

"ಹೇಳಲಿಲ್ಲಂದ್ರ?"

"ಒಂದ ದಿನ ನಮ್ಮ ಮುಂದಿನ ಗಾಡಿಯಾಂವ ಹೇಳಲಿಲ್ಲ," ಎಂದ ಕಾಕಾ. "ಆಮ್ಯಾಲ ಮುಂದ ಗಾಡೀನ ಇರ್ಲಿಲ್ಲ."

ಕಾಕೂ ಎದ್ದು ಹೋಗಿ ರೊಟ್ಟಿ ಮುಗಿಸಿದಳು. ಮರುದಿನ ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಸರಿಯಾಗಿ ಸೆರಗು ಸಿಕ್ಕಿಸಿಕೊಂಡು ಬಂದು ಕಾರಿನ ಎಡಗಡೆ ಸೀಟಿಗೆ ಕುಳಿತಳಂತೆ. ಅವತ್ತು ಅವರಿಬ್ಬರೂ ನನ್ನ ಅಂಗಡಿಯ ಮುಂದೆ ಬಂದು ಇಳಿದಾಗ, ಶಟರು ಎಳೆಯಲು ನನಗೆ ಸಮಯ ಸಿಗಲಿಲ್ಲ. ವಾಪಸು ಹೋಗುವಾಗ ನನ್ನನ್ನೂ ಹಿಂದಿನ ಸೀಟಿಗೆ ತುಂಬಿಕೊಂಡರು. ಹಾಗಾಗಿ ಕಾಕೂ ಒಪ್ಪಿಸಿದ ವರದಿಯನ್ನು ನಾನು ಕಿವಿಯಾರೆ ಕೇಳಿದೆ.

"ಎಡಕ್ಕ ಕಟಿಗಿ ರಾಶಿ," ಎಂದು ಕಾಕೂ ಶುರು ಮಾಡಿದಳು. "ಅದು ಕಲ್ಲಪ್ಪಂದು. ಮಗನ ಮದವಿಗಂತ ಒಡಿಸಿಟ್ಟಿದ್ದ. ಮದವಿ ಮುರೀತು, ಕಟಿಗಿ ಉಳೀತು. ಹುಡುಗಿ ಕಡಿಯವ್ರು ಭಾಳ ಶಾಣ್ಯಾ ಬಿಡ್ರಿ… ಮುಂದ ಚೀಲ. ಅದು ನಿಂಗವ್ವಂದು, ಹಿಂಡಿ ಚೀಲ. ಆಕಿ ಎಮ್ಮಿ ಹಾಲ ಕಡಿಮಿ ಮಾಡೇತಿ, ಸೊಸಿ ಕೈ ಹಚ್ಚಿದ್ದಕ್ಕ ಅಂತ ಆಕಿ, ಅತ್ತಿ ಬಾಯಿಗೆ ಅಂಜಿ ಅಂತ ಸೊಸಿ."

"ರಿಪೋರ್ಟ್ ಸಣ್ಣದ ಇರಬೇಕು," ಎಂದ ಕಾಕಾ.

"ಕೇಳೂದಿದ್ರ ಪೂರ್ತಿ ಕೇಳ್ರಿ. ಅರ್ಧಾ ಹೇಳಾಕ ನನಗ ಬರೂದಿಲ್ಲ."

ಇದರಿಂದ ಏನಾಯಿತೆಂದರೆ, ಮುಂದಿನ ರಾಶಿ ಬರುವುದರೊಳಗೆ ಹಿಂದಿನ ರಾಶಿಯ ಕಥೆ ಮುಗಿಯಬೇಕು. ಹಾಗಾಗಿ ಕಾಕಾ ವೇಗ ಕಡಿಮೆ ಮಾಡಲೇಬೇಕಾಯಿತು. ನಿಧಾನವಾದ ಮೇಲೆ ನಡು ರಸ್ತೆಯಲ್ಲಿ ಇದ್ದರೆ ಹಿಂದಿನವರು ಬಿಡುತ್ತಾರೆಯೇ? ಬೈಸಿಕೊಂಡು ಬೈಸಿಕೊಂಡು ಕಾರು ತಾನಾಗಿ ಎಡಕ್ಕೆ ಸರಿಯಿತು. ಎಡಕ್ಕೆ ಸರಿದರೆ ಕಾಕೂಗೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಯಾರದೆಂದು ಗೊತ್ತಿಲ್ಲದ ತಿಪ್ಪೆ ಕಂಡರೆ ಅವಳು ಕಾರು ನಿಲ್ಲಿಸಿ ಇಳಿದು ಹೋಗಿ ವಿಚಾರಿಸಿಕೊಂಡು ಬರುತ್ತಿದ್ದಳು. ಒಂದು ವರ್ಷದಲ್ಲಿ ಮೂಡಲಗಿಯಿಂದ ದಡ್ಡಿಯವರೆಗೆ ಆ ರಸ್ತೆಯ ಅಂಚಿನಲ್ಲಿ ವಾರಸುದಾರರು ಗೊತ್ತಿಲ್ಲದ ಒಂದು ಬುಟ್ಟಿಯೂ ಉಳಿಯಲಿಲ್ಲ. ಎದುರು ಮನೆಯ ಗಂಗವ್ವ ಕೂಡ ಮುನಿಸು ಬಿಟ್ಟು, ಸುದ್ದಿ ಕೇಳುವ ಆಸೆಗೆ ಗೋಕಾಕದ ಸಂತೆಗೆ ಅದೇ ಕಾರಿನಲ್ಲಿ ಬರತೊಡಗಿದಳು. ಒಬ್ಬನೇ ಓಡಿಸಿದರೆ ಮಾತ್ರ ಕಾಕಾ ಹಳೆಯ ಕಾಕಾನೇ. ಆದ್ದರಿಂದ ಅವನನ್ನು ಒಬ್ಬನೇ ಬಿಡುತ್ತಿರಲಿಲ್ಲ.

ಪೊರೆ ಬಂದದ್ದು ಗೊತ್ತಾದದ್ದೂ ಆ ಸೀಟಿನಿಂದಲೇ. ಈಚೆಗೆ ಒಂದು ದಿನ ಕಾಕೂ, "ಎಡಕ್ಕ ಎಮ್ಮಿ, ರಾಮಪ್ಪಂದು, ಗಬ್ಬ ಐತಿ" ಎಂದಳು. ಕಾಕಾ ನೋಡಿದರೆ ಅದು ಕರಿಯ ನೀರಿನ ಟಾಕಿ. ಅವನು ಕಾರು ನಿಲ್ಲಿಸಿ, "ರಿಪೋರ್ಟ್ ತಪ್ಪೈತಿ. ಹದಿನೈದು ದಿನಾ ಆತು ನೋಡಾಕತ್ತೇನಿ. ನಡಿ ಡಾಕ್ಟರ ಕಡೆ" ಎಂದನಂತೆ. ಟಾಕಿ ಗಬ್ಬವಾಗಿದೆ ಎಂದದ್ದನ್ನು ಕಾಕೂಗೆ ನೆನಪಿಸಬೇಡಿ, ಸಿಟ್ಟಾಗುತ್ತಾಳೆ.

ಇಗೋ, ಕಾಕೂನನ್ನು ಕರೆತಂದರು. ಒಂದು ಕಣ್ಣಿಗೆ ಪಟ್ಟಿ, ಅದರ ಮೇಲೆ ಕರಿ ಕನ್ನಡಕ. ಇನ್ನೊಂದು ಕಣ್ಣಿಗೂ ಪೊರೆ ಇದೆ, ಅದರ ಸರದಿ ಮುಂದೆ. ಹೆಚ್ಚು ಮಾತಾಡಿಸಬೇಡಿ, ಗಾಡಿ ಕುಲುಕಿಸಬೇಡಿ ಎಂದು ನರ್ಸು ಹೇಳಿದಳು. ಕಾಕಾನ ಮುಖ ಅರಭಾವಿಯ ಆ ದಿನದ ಹಾಗೆ ಆಗಿತ್ತು. ನಾನು ಎಡಗಡೆ ಸೀಟಿಗೆ ಕುಳಿತು, ಸೀಟಿನ ಬೆಲ್ಟು ಬಿಗಿದುಕೊಂಡು, ಮನಸ್ಸಿನಲ್ಲೇ ಬಸವಣ್ಣನನ್ನು ನೆನೆದೆ.

"ಎಡಕ್ಕ… ಒಂದು ಕಲ್ಲಿನ ರಾಶಿ," ಎಂದೆ.

"ಯಾರ್ದು?"

ನಾನು ಝೆರಾಕ್ಸ್ ಅಂಗಡಿಯವನು, ನನಗೇನು ಗೊತ್ತು? ಆದರೆ ಕಾಕಾನ ಕಾಲು ಬ್ರೇಕಿನ ಕಡೆ ಸರಿಯುವುದು ಕಂಡಿತು. "ಮಲ್ಲಪ್ಪಂದು. ಮನಿ ಕಟ್ಟಾಕತ್ತಾನ," ಎಂದುಬಿಟ್ಟೆ.

"ಯಾವ ಮಲ್ಲಪ್ಪ?" ಎಂದು ಹಿಂದಿನಿಂದ ದನಿ ಬಂತು. "ಅಲ್ಲಿ ಮಲ್ಲಪ್ಪ ಅನ್ನಾವ ಯಾವನೂ ಇಲ್ಲ. ಕಣ್ಣ ಮುಚ್ಚೇತಿ ಅಂತ ಸುಳ್ಳ ಹೇಳ್ತಿ? ಅದು ಈರವ್ವಕ್ಕನ ಕಲ್ಲು, ಗೋಡಿ ಬಿದ್ದದ್ದು."

ಅರಭಾವಿಯವರೆಗೆ ಹೀಗೇ ನಡೆಯಿತು. ನಾನು ಕಂಡದ್ದನ್ನು ಹೇಳುವುದು, ಕಾಕೂ ಕಣ್ಣು ಮುಚ್ಚಿಕೊಂಡೇ ಅದರ ಯಜಮಾನರನ್ನು ಹೇಳುವುದು. ಕಾಲೇಜು ದಾಟಿದ ಮೇಲೆ ನಾನು ಒಂದು ಬಣವೆಯನ್ನು ವರದಿ ಮಾಡಿದೆ. ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಕಾಕೂ ಬಾಯಿ ಅರ್ಧ ತೆರೆದು ನಿದ್ದೆ ಹೋಗಿದ್ದಳು.

ಅದೇ ಹೊತ್ತಿಗೆ ಎದುರಿಗೆ ಕಂಡಿತು. ಟಿವಿ ಬರುತ್ತದಲ್ಲ, ಅಂಥ ದೊಡ್ಡ ರಟ್ಟಿನ ಪೆಟ್ಟಿಗೆ, ಹೊಚ್ಚ ಹೊಸದು, ಮೇಲೆ ಟೇಪು ಸುತ್ತಿದ್ದು, ಅರ್ಧ ರಸ್ತೆಯ ಮೇಲೆ ಅರ್ಧ ಕೆಳಗೆ ಕುಳಿತಿತ್ತು. ಸುತ್ತ ಯಾರೂ ಇಲ್ಲ. ಒಬ್ಬ ಯಜಮಾನನನ್ನು ಹುಟ್ಟಿಸಿ ಹೇಳಬಹುದಾಗಿತ್ತು. ನಾಲಿಗೆಯವರೆಗೆ ಹೆಸರೂ ಬಂತು. ಆದರೆ ಆ ಸೀಟಿನಲ್ಲಿ ಕುಳಿತು ಇದೊಂದನ್ನು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಕಾಕಾ, ಎಡಕ್ಕ ಒಂದು ಪೆಟ್ಟಿಗಿ. ಯಾರ್ದು, ಒಳಗೇನೈತಿ, ನನಗ ಗೊತ್ತಿಲ್ಲ."

ಕಾರು ನಿಧಾನವಾಯಿತು. ಕಾಕಾ ಪೆಟ್ಟಿಗೆಯನ್ನು ನೋಡಿದ. ಆಮೇಲೆ ತಲೆಯ ಮೇಲಿನ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿದ, ಬಹಳ ಹೊತ್ತು ನೋಡಿದ ಹಾಗೆ ನನಗನಿಸಿತು. ಮತ್ತೆ ಬಲಕ್ಕೆ ದೀಪ ಹಾಕಿ, ಒಂದಿಷ್ಟೂ ಕುಲುಕದಂತೆ ಪೆಟ್ಟಿಗೆಯನ್ನು ಬಳಸಿ ದಾಟಿಸಿ, ಕಾರನ್ನು ಮೆಲ್ಲಗೆ ಎಡಕ್ಕೆ ತಂದ. ಹಣೆಯಿಂದ ಬೆವರು ಇಳಿದು ಮೀಸೆಗೆ ಬಂದಿತ್ತು.

"ಬ್ರೇಕ್ ಹಾಕಿದ್ರ ಎಚ್ಚರ ಆಗ್ತಾಳ," ಎಂದು ಪಿಸುಗುಟ್ಟಿದ.

ನಾನು ಹೂಂ ಎಂದೆ. ಆಮೇಲೆ ಬಗ್ಗಿ ನೋಡಿಕೊಂಡರೆ, ಎಡಗಡೆ ಸೀಟಿನಲ್ಲಿ ಇಲ್ಲದ ಬ್ರೇಕನ್ನು ಎರಡೂ ಕಾಲಿನಿಂದ ಒತ್ತಿ ತುಳಿದುಕೊಂಡು ಕುಳಿತಿದ್ದವನು ನಾನೊಬ್ಬನೇ.